“ಎಲ್ಲಾರೂ ಛಲೋ ಅಂತಾರ್ರಿ, ಕಥಿ ಯಾರೂ ಓದಿಲ್ಲ”

(ಗುರುತು ಸಿಗದಂತೆ ವಯಸ್ಸು, ಕೆಲಸ, ಮನೆತನದ ವಿವರ ಬದಲಿಸಿದೆ. ಕಥೆಯ ವಸ್ತುವನ್ನೂ ಬದಲಿಸಿದೆ. ಬರೆಯುವವರ ಪ್ರಕರಣದಲ್ಲಿ ವಸ್ತು ಹಾಗೇ ಉಳಿದರೆ ಹೆಸರು ಮುಚ್ಚಿಟ್ಟೂ ಪ್ರಯೋಜನವಿಲ್ಲ.)

ಬಾಗಲಕೋಟೆ ನವನಗರದ ಪ್ರೌಢಶಾಲೆ ಶಿಕ್ಷಕಿ, 44 ವರ್ಷ. ಇಲ್ಲಿ ಅಕ್ಕೋರು ಅನ್ನೋಣ. ಆರು ವಾರದ ಹಿಂದೆ ಅವರದೊಂದು ಕಥೆ ಭಾನುವಾರದ ಪುರವಣಿಯಲ್ಲಿ ಬಂದಿತ್ತು, ಕೊನೆಗೆ ಮೊಬೈಲ್ ನಂಬರ್ ಸಮೇತ. ಅಂದಿನಿಂದ ನಿದ್ದೆ ಸರಿಯಿಲ್ಲ. ಪಾಠ ಮಾಡುತ್ತಲೇ ಮಾತು ತಪ್ಪುತ್ತದೆ. ಹೊಸದಾಗಿ ಒಂದು ಸಾಲೂ ಬರೆದಿಲ್ಲ. ತಲೆಬರಹದ ಮಾತು ಅವರು ನಮ್ಮಲ್ಲಿ ಆಪ್ತಸಲಹೆಗೆ ಬಂದು ಕೂತ ಕೂಡಲೇ ಆಡಿದ್ದು.

ಕಥೆ ಮುಳುಗಡೆಯದು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಹೋಗುತ್ತದೆ, ಪರಿಹಾರ ಬರುತ್ತದೆ, ಅಣ್ಣಂದಿರು ತಂಗಿಯನ್ನು ಕರೆಸಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಕಾನೂನು ಪಾಲು ಕೊಟ್ಟರೂ ಹೀಗೆ ಬಿಟ್ಟುಕೊಡುವುದು ಈ ಭಾಗದಲ್ಲಿ ಹೊಸದೇನಲ್ಲ. ಕೊನೆಯ ಸಾಲು: “ಉಡಿ ತುಂಬಿ ಕಳಿಸಿದರು.” ಅಕ್ಕೋರು ಅದನ್ನು ಹಲ್ಲು ಕಚ್ಚಿ ಬರೆದಿದ್ದರು. ಓದಿದವರು “ತವರಿಗಾಗಿ ಎಷ್ಟ್ ದೊಡ್ಡ ಮನಸು ಮಾಡಿದ್ಲು, ಕಣ್ಣಾಗ ನೀರ ಬಂತ್ರಿ” ಎಂದು ಫೋನ್ ಮಾಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಈ ಹೊಗಳಿಕೆ ತಡೆಯಲಾಗುತ್ತಿಲ್ಲ ಎಂಬುದು ಅವರ ದೂರು.

ಮೊದಲ ಭೇಟಿಯಲ್ಲಿ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ ತುಂಬಿಸಿದೆವು. 27ಕ್ಕೆ 8 ಬಂತು, ಅಂದರೆ ಸೌಮ್ಯ ಹಂತ. ಸಾಯುವ ಯೋಚನೆ ಕೇಳುವ ಒಂಬತ್ತನೆಯ ಪ್ರಶ್ನೆಗೆ ಸೊನ್ನೆ. ಒಟ್ಟು 10 ಮುಟ್ಟಿದ್ದರೆ ವೈದ್ಯರಿಗೂ ತೋರಿಸಿ ಎನ್ನುತ್ತಿದ್ದೆವು. ಒಂಬತ್ತನೆಯದರಲ್ಲಿ ಒಂದು ಅಂಕ ಬಂದರೂ ಒಟ್ಟು ಎಷ್ಟಿದೆ ಎಂದು ನೋಡುತ್ತ ಕೂರದೆ ಅದನ್ನೇ ಮೊದಲು ವಿಚಾರಿಸಬೇಕು. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ಚೀಟಿಯಲ್ಲಿ ಬರೆದುಕೊಟ್ಟೆವು.

ಒಂದು ಪ್ರಶ್ನೆಯನ್ನು ಬೇಕೆಂದೇ ಕೇಳಲಿಲ್ಲ: “ಇದು ನಿಮ್ಮದ ಕಥಿ ಏನ್ರಿ?” ಆರು ವಾರದಿಂದ ಎಲ್ಲರೂ ಕೇಳಿದ್ದು ಅದನ್ನೇ. ಸಲಹೆಗಾರರೂ ಕೇಳಿದರೆ ಓದುಗರ ಸಾಲಿಗೆ ಇನ್ನೊಬ್ಬರು ಸೇರಿದಂತಷ್ಟೇ.

ಮೊಬೈಲ್ ಎಷ್ಟು ಸಲ ನೋಡುತ್ತೀರಿ ಎಂದರೆ “ಹತ್ತಿಪ್ಪತ್ತು ಸಲ” ಎಂದರು. ನಾಲ್ಕು ದಿನ ಚೀಟಿಯ ಮೇಲೆ ಗೀಟು ಹಾಕಲು ಹೇಳಿದೆವು. ದಿನಕ್ಕೆ 50ರ ಆಸುಪಾಸು ಬಂತು, ಅರ್ಧಕ್ಕಿಂತ ಹೆಚ್ಚು ರಾತ್ರಿ ಹತ್ತರ ಮೇಲೆ. ಪ್ರತಿ ಸಲ ಏನಾದರೂ ಸಿಕ್ಕರೆ ಬೇಗ ಸಾಕೆನಿಸುತ್ತದೆ. ಯಾವಾಗ ಸಿಗುತ್ತದೆ ಎಂಬುದೇ ಗೊತ್ತಿಲ್ಲದಿದ್ದರೆ ಕೈ ಬಿಡುವುದಿಲ್ಲ. ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳಲ್ಲಿ ಕಂಡದ್ದೂ ಇದೇ: ಲೆಕ್ಕವಿಲ್ಲದೆ ಒಮ್ಮೊಮ್ಮೆ ಕಾಳು ಬೀಳುವ ಗುಂಡಿಯನ್ನೇ ಅವು ಬಿಡದೆ ಕುಕ್ಕುತ್ತವೆ.

ಇಲ್ಲಿ ನಮ್ಮದೂ ಒಂದು ತಪ್ಪಾಯಿತು. ವಾರವಿಡೀ ವಾಟ್ಸ್‌ಆ್ಯಪ್ ತೆಗೆಯಬೇಡಿ ಎಂದುಬಿಟ್ಟೆವು. ಮೂರನೇ ದಿನಕ್ಕೆ ಕೆಟ್ಟಿತು. ಶಾಲೆಯ ಆದೇಶಗಳೆಲ್ಲ ಅದರಲ್ಲೇ ಬರುತ್ತವೆ, ತೆಗೆಯದೆ ಗತಿಯಿಲ್ಲ. ತೆಗೆದ ಮೇಲೆ “ಸೋತೆ” ಎಂಬ ಬೇಸರ ಬೇರೆ. ಆಮೇಲೆ ಹೀಗೆ ಬದಲಿಸಿದೆವು: ಓದುಗರ ಸಂದೇಶಗಳನ್ನು ಆರ್ಕೈವ್‌ಗೆ ಹಾಕುವುದು, ಮಧ್ಯಾಹ್ನ ಒಂದಕ್ಕೆ ಮತ್ತು ಸಂಜೆ ಏಳಕ್ಕೆ ಹದಿನೈದು ಹದಿನೈದು ನಿಮಿಷ ನೋಡುವುದು. ರಾತ್ರಿ ಮೊಬೈಲ್ ಅಡುಗೆಮನೆಯಲ್ಲಿ ಚಾರ್ಜಿಗೆ. ಬೆಳಗ್ಗೆ ಏಳಲು ಅಲಾರಾಂ ಗಡಿಯಾರ ಕೊಳ್ಳಲೇಬೇಕು. ಇದನ್ನು ಮರೆತರೆ ಮೊಬೈಲ್ ಮತ್ತೆ ತಲೆದಿಂಬಿಗೆ ಬರುತ್ತದೆ, ಬಹಳ ಜನರಲ್ಲಿ ತಪ್ಪುವುದು ಇಲ್ಲೇ. ನಡುವೆ ನೋಡಬೇಕೆನಿಸಿದರೆ ಹತ್ತು ನಿಮಿಷ ತಡೆದು ಆಮೇಲೆ ನಿರ್ಧರಿಸುವುದು.

ಹೆಚ್ಚು ಕೆಲಸ ನಡೆದದ್ದು ನೋಟ್‌ಬುಕ್ಕಿನಲ್ಲಿ. ಬಂದ ಪ್ರತಿಕ್ರಿಯೆಗಳನ್ನೆಲ್ಲ ಅಕ್ಕೋರು ಕೈಯಾರೆ ಬರೆದುಕೊಂಡು ಬಂದರು: 41. ಪ್ರತಿಯೊಂದಕ್ಕೂ ನಾಲ್ಕು ಕಲಂ. ಓದುಗರು ಆಡಿದ ಮಾತು, ಇದ್ದದ್ದು ಇದ್ದಂತೆ. ಅದು ಕಥೆಯ ಯಾವ ಸಾಲಿನ ಬಗ್ಗೆ. ಮಾತಾಡಿದ್ದು ಕಥೆಯ ಬಗ್ಗೆಯೋ, ನನ್ನ ಬಗ್ಗೆಯೋ, ತಮ್ಮ ಬಗ್ಗೆಯೋ. ನನ್ನ ಮನಸ್ಸು ಅದನ್ನು ಏನೆಂದು ಕೇಳಿಸಿಕೊಂಡಿತು.

“ಸೂಪರ್”, “ಛಲೋ ಐತ್ರಿ”, ಕೈಮುಗಿದ ಚಿತ್ರ, ಇಂಥವು 23. ತಮ್ಮ ಮುಳುಗಡೆಯ ಕಥೆ ಹೇಳಿಕೊಂಡವರು 11. ಕಥೆಯ ಸಾಲು ಹಿಡಿದು ಮಾತಾಡಿದವರು 5. ಬೈದವರು 2, ಅದರಲ್ಲಿ ಒಬ್ಬರು ಸ್ವಂತ ಅಣ್ಣ. ಯಾರೂ ಓದಿಲ್ಲ ಎಂಬ ಮಾತಿಗೆ ಆ ಐದು ಜನ ಅಡ್ಡ ಬಂದರು. ಹನ್ನೊಂದು ಜನರದು ಇನ್ನೂ ಕುತೂಹಲದ್ದು. ಒಬ್ಬ ಹಿರಿಯರು ಹಳೇ ಮನೆಯ ಹೊಸ್ತಿಲು ಕಿತ್ತು ಟ್ರ್ಯಾಕ್ಟರಿನಲ್ಲಿ ನವನಗರಕ್ಕೆ ತಂದದ್ದನ್ನು ಇಪ್ಪತ್ತು ನಿಮಿಷ ಹೇಳಿದ್ದರು. ನಾಲ್ಕನೇ ಕಲಂನಲ್ಲಿ ಅಕ್ಕೋರು ಬರೆದದ್ದು “ನನ್ನ ಕಥಿ ಬಿಟ್ಟು ತಮ್ಮದ ಹಚ್ಚಿದ್ರು.” ಕಥೆ ಓದದಿದ್ದರೆ ಆ ಹೊಸ್ತಿಲು ಅವರಿಗೆ ನೆನಪಾಗುತ್ತಿತ್ತೇ ಎಂದು ಕೇಳಿದೆವು. ಅಕ್ಕೋರು ಉತ್ತರ ಕೊಡಲಿಲ್ಲ, ಬರೆದದ್ದನ್ನು ಗೀಟು ಹಾಕಿ ಹೊಡೆದರು.

ನಾಲ್ಕನೇ ಭೇಟಿಯಲ್ಲಿ ಕಥೆಯ ಕೊನೆಯ ಪ್ಯಾರಾ ಗಟ್ಟಿಯಾಗಿ ಓದಿಸಿದೆವು. ಗುಳೇದಗುಡ್ಡದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಒಂದೊಂದೇ ಉಡಿಗೆ ಬೀಳುತ್ತವೆ. ಓದಿ ಮುಗಿಸಿದವರು ತಾವೇ ಅಂದರು: “ಉಡಿ ಅಂದ್ರ ನಮ್ಮ ಮಂದೀಗೆ ಮಂಗಳನ ರೀ. ಅದರಾಗ ಸಿಟ್ಟು ಹೆಂಗ ಕಂಡೀತು?” ಅದು ಕಥೆಯ ಕುಂದೋ, ಓದುಗರ ಕುಂದೋ ಎಂದು ತೀರ್ಪು ಕೊಡುವುದು ಆಪ್ತಸಲಹೆಯ ಕೆಲಸವಲ್ಲ. ನಾವು ಹೇಳಿದ್ದಿಷ್ಟೇ: ಸಾಲು ತಿದ್ದುವ ವಿಚಾರ ಬರವಣಿಗೆಯ ಮೇಜಿನದು, ಅದನ್ನು ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ತೀರಿಸಲು ಆಗುವುದಿಲ್ಲ.

ಶಿಕ್ಷಕರ ಕೊಠಡಿಯಲ್ಲಿ ಕಥೆಯ ಬಗ್ಗೆ ಯಾರೂ ಮಾತೆತ್ತಿರಲಿಲ್ಲ. ಆ ಮೌನಕ್ಕೆ ಒಂದು ಪ್ರಯೋಗ ಕೊಟ್ಟೆವು. ಮೂವರು ಸಹೋದ್ಯೋಗಿಗಳನ್ನು ಕೇಳಬೇಕು. “ಹೆಂಗಾಗೇತಿ?” ಎಂದರೆ “ಛಲೋ ಆಗೇತಿ” ಎಂದೇ ಬರುತ್ತದೆ, ಆದ್ದರಿಂದ ಪ್ರಶ್ನೆ ಮೊನಚಾಗಿರಲಿ: “ಕೊನೀಗೆ ಆಕಿಗೆ ಸಿಟ್ಟಿತ್ತು ಅನಸ್ತೇನ್ರಿ?” ಕೇಳುವ ಮೊದಲು ತಮ್ಮ ಊಹೆ ಬರೆದಿಡಬೇಕು. ಅಕ್ಕೋರು ಬರೆದದ್ದು: “ಯಾರೂ ಓದಿರಂಗಿಲ್ಲ, ನೂರಕ್ಕ ಎಂಬತ್ತು.” ಇಬ್ಬರು ಓದಿದ್ದರು. ಅವರಲ್ಲಿ ಒಬ್ಬರು, ಮನೆಯ ವಿಚಾರವೇನೋ ಎಂದು ಹೆದರಿ ಬಾಯಿ ಬಿಟ್ಟಿರಲಿಲ್ಲ.

ಅಣ್ಣನ ಜತೆ ಫೋನಿನಲ್ಲಿ ವಾದ ಬೇಡ, ವೈನಿಯ ಎದುರಿಗೂ ಬೇಡ, ಒಬ್ಬರೇ ಇದ್ದಾಗ ಹೋಗಿ ಎಂದೆವು. “ಬರೀ ಕಲ್ಪನೆ ಅಣ್ಣಾ” ಎನ್ನಬೇಡಿ; ಅವರು ಒಂದು ಗುರುತು ತೋರಿಸಿದರೂ ಆ ಮಾತು ಬೀಳುತ್ತದೆ. ಮೂರೇ ವಾಕ್ಯ ಕೂಡಿ ಬರೆದೆವು: “ಅಣ್ಣಾ, ಇದು ನಿನ್ನ ಹೆಸರು ಕೆಡಸಾಕ ಬರದದ್ದಲ್ಲ. ನಿನಗ ನೋವಾಗೇತಿ, ತಿಳದೈತಿ. ಕಥಿ ಮಾತ್ರ ಹಿಂದಕ್ಕ ತಗೊಳ್ಳಂಗಿಲ್ಲ.” ಮೂರನೆಯದನ್ನು ಹೇಳಲು ಅಕ್ಕೋರಿಗೆ ಎರಡು ವಾರ ಹಿಡಿಯಿತು.

ಒಟ್ಟು ಏಳು ಭೇಟಿ. ಮೂರು ತಿಂಗಳ ನಂತರ ಪಿಎಚ್‌ಕ್ಯೂ 3, ಮೊಬೈಲ್ ನೋಡುವುದು ದಿನಕ್ಕೆ ಎಂಟು ಹತ್ತು ಸಲ. ಹೊಸ ಕಥೆಗೆ ನಂಬರ್ ಬದಲು ಅಂಚೆ ವಿಳಾಸ ಕೊಟ್ಟಿದ್ದಾರೆ. ಪಂಚಮಿಗೆ ಅಣ್ಣ ಕರೆಯಲು ಬರಲಿಲ್ಲ. ಅದರ ಬಗ್ಗೆ ಮಾತಾಡುವುದಿದ್ದರೆ ಸಮಯ ಇಟ್ಟುಕೊಳ್ಳೋಣ ಎಂದಿದ್ದಕ್ಕೆ, “ದೀಪಾವಳಿ ಮಟ ನೋಡೋಣ್ರಿ” ಎಂದರು.