ಮಿನಿಯೇಚರ್ ಅಂದರೆ ಗಿಡ್ಡ ಅಂತಲ್ಲ

ಮೇಡಂ, ನೀವು ಕೇಳಿದ್ದು ಎರಡು ಪ್ರಶ್ನೆ. 'ಮಿನಿಯೇಚರ್ ರೋಸ್' ಅಂತ ಚೀಟಿ ಇದ್ದ ಗಿಡ ತಂದಿರಿ, ಎಂಟು ತಿಂಗಳಿಗೆ ಅದು ಸೊಂಟದೆತ್ತರ ಬೆಳೆದು ನಿಂತಿದೆ, ಮೋಸ ಹೋದೆನಾ ಅನ್ನೋದು ಒಂದು. ಮಿನಿಯೇಚರ್, ಡ್ವಾರ್ಫ್, ಮಿನಿ, ಬೇಬಿ ಎಲ್ಲ ಒಂದೇನಾ ಅನ್ನೋದು ಇನ್ನೊಂದು. ಎರಡನೆಯದು ಬಿಡಿಸಿದರೆ ಮೊದಲನೆಯದು ಅರ್ಧ ಬಗೆಹರಿದ ಹಾಗೆ. ಅದಕ್ಕೇ ಪದದಿಂದ ಶುರು ಮಾಡುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ನಿಧಾನಕ್ಕೆ ಓದಿ.

ಮಿನಿಯೇಚರ್ ಅನ್ನೋ ಪದ ಹುಟ್ಟಿದಾಗ ಅದಕ್ಕೂ ಚಿಕ್ಕದಕ್ಕೂ ಸಂಬಂಧವೇ ಇರಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ 'ಮಿನಿಯಮ್' ಅಂದರೆ ಸೀಸದಿಂದ ಮಾಡುವ ಕೆಂಪು ಬಣ್ಣದ ಪುಡಿ. ತುಕ್ಕು ಹಿಡಿಯದಿರಲಿ ಅಂತ ಕಬ್ಬಿಣಕ್ಕೆ ಬಳಿಯುತ್ತಿದ್ದ ರೆಡ್ ಲೆಡ್ ಇದೆಯಲ್ಲ, ಅದೇ. ಯುರೋಪಿನಲ್ಲಿ ಪುಸ್ತಕಗಳನ್ನು ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಶೀರ್ಷಿಕೆಯನ್ನೋ ಮೊದಲ ಅಕ್ಷರವನ್ನೋ ಈ ಕೆಂಪಿನಲ್ಲಿ ಬರೆಯುತ್ತಿದ್ದರು. ಆ ಕೆಲಸದ ಹೆಸರಿನಿಂದ ಇಟಲಿಯವರ 'ಮಿನಿಯತೂರಾ' ಬಂತು. ಪುಸ್ತಕದೊಳಗಿನ ಚಿತ್ರಕ್ಕೂ ಅದೇ ಹೆಸರಾಯಿತು. ಪುಟದಲ್ಲಿ ಹಿಡಿಸಬೇಕಾದ ಚಿತ್ರ ಚಿಕ್ಕದಾಗಿರಲೇಬೇಕು, ಅಲ್ವಾ? ಜೊತೆಗೆ ಮೈನರ್, ಮಿನಿಮಮ್ ಅನ್ನೋ ಪದಗಳ ಸದ್ದೂ ಇದಕ್ಕೆ ಹತ್ತಿರ. ಹೀಗೆ ಜನ ಬಣ್ಣವನ್ನು ಮರೆತರು, 'ಚಿಕ್ಕದು' ಅನ್ನೋ ಅರ್ಥ ಅಂಟಿಕೊಂಡಿತು. 'ಮಿನಿ' ಅನ್ನೋದು ಬಹಳ ಈಚಿನದು. ಮಿನಿಯೇಚರ್ ಪದದ ತಲೆಯನ್ನಷ್ಟೇ ಕತ್ತರಿಸಿಕೊಂಡದ್ದು. 1959ರಲ್ಲಿ ಬಂದ ಮಿನಿ ಕಾರು, 1960ರ ದಶಕದ ಮಿನಿ ಸ್ಕರ್ಟ್, ಇವುಗಳಿಂದ ಅದು ಎಲ್ಲರ ಬಾಯಿಗೆ ಬಂತು.

ಈ ಹಳೇ ಕಥೆ ನಮ್ಮ ಕುಂಡಕ್ಕೆ ಯಾಕೆ ಬೇಕು ಅಂದರೆ, ಆ ಚಿತ್ರಗಳ ಗುಣ ಪದದೊಳಗೆ ಇನ್ನೂ ಉಳಿದಿದೆ. ಮೊಘಲ್ ಕಾಲದ ಒಂದು ಮಿನಿಯೇಚರ್ ಚಿತ್ರ ನೆನಪಿಸಿಕೊಳ್ಳಿ. ಅಂಗೈಯಗಲದ ಜಾಗದಲ್ಲಿ ಆನೆ, ಅಂಬಾರಿ, ಸವಾರ, ಸವಾರನ ಕಿವಿಯ ಮುತ್ತು, ಎಲ್ಲವೂ ಇರುತ್ತವೆ. ಆನೆ ಕುಗ್ಗಿದಷ್ಟೇ ಮುತ್ತೂ ಕುಗ್ಗಿದೆ. ಬೊಂಬೆಮನೆ ಮಾಡುವವರ ಲೆಕ್ಕವೂ ಇದೇ. ಅವರಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 1:12, ಅಂದರೆ ನಿಜದ ಒಂದು ಅಡಿ ಅಲ್ಲಿ ಒಂದು ಇಂಚು. ಬಾಗಿಲು, ಕುರ್ಚಿ, ಚಮಚ ಎಲ್ಲಕ್ಕೂ ಅದೇ ಅಳತೆ. ಚಮಚ ಮಾತ್ರ ದೊಡ್ಡದಾದರೆ ಇಡೀ ಮನೆ ಕೆಟ್ಟು ಕಾಣುತ್ತೆ. 'ಇನ್ ಮಿನಿಯೇಚರ್' ಅಂತ ಇಂಗ್ಲಿಷಿನಲ್ಲಿ ಹೇಳುವುದೂ ಈ ಅರ್ಥದಲ್ಲೇ: ದೊಡ್ಡದರಲ್ಲಿ ಇರುವುದೆಲ್ಲ ಇದರಲ್ಲೂ ಇದೆ, ಅಳತೆ ಮಾತ್ರ ಕಿರಿದು.

ಈಗ ಗುಲಾಬಿಗೆ ಬರೋಣ. ನಿಜವಾದ ಮಿನಿಯೇಚರ್ ಗುಲಾಬಿಯಲ್ಲಿ ಎಲ್ಲವೂ ಒಟ್ಟಿಗೆ ಚಿಕ್ಕದು. ನನ್ನ ಹತ್ತಿರ ಒಂದಿದೆ, ಇದನ್ನು ಬರೆಯುವ ಮುಂಚೆ ಎದ್ದು ಹೋಗಿ ಅಳತೆಪಟ್ಟಿ ಹಿಡಿದು ಬಂದೆ. ಅರಳಿದ ಹೂವು ಮೂರು ಸೆಂಟಿಮೀಟರ್. ಒಂದು ಎಲೆದಳ ಕಿರುಬೆರಳಿನ ಉಗುರನ್ನು ಪೂರ್ತಿ ಮುಚ್ಚುವುದಿಲ್ಲ. ಕಡ್ಡಿ ಪೆನ್ಸಿಲ್ಲಿನ ಸೀಸಕ್ಕಿಂತ ತುಸು ದಪ್ಪ. ಮುಳ್ಳೂ ಅಷ್ಟೇ, ಮುಟ್ಟಿದರೆ ಚುಚ್ಚುತ್ತೆ, ಆದರೆ ಕಣ್ಣಿಗೆ ಕಾಣಬೇಕಾದರೆ ಬೆಳಕಿಗೆ ಹಿಡಿಯಬೇಕು. ಮೊಗ್ಗಿನ ಆಕಾರ, ದಳ ಸುತ್ತಿಕೊಂಡ ರೀತಿ ಮಾತ್ರ ದೊಡ್ಡ ಗುಲಾಬಿಯದೇ. ಇಂಥ ಗುಲಾಬಿಗಳ ಈಗಿನ ವಂಶ ಶುರುವಾದದ್ದು ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯ ಕಿಟಕಿಕಟ್ಟೆಗಳಿಂದ. ಮೊದಲ ಮಹಾಯುದ್ಧದ ಹೊತ್ತಿಗೆ ಅಲ್ಲಿನ ಕುಂಡಗಳಲ್ಲಿ ರೂಲೆ ಅನ್ನುವವರ ಕಣ್ಣಿಗೆ ಬಿದ್ದ ಪುಟಾಣಿ ಗುಲಾಬಿಗೆ ಸಸ್ಯತಜ್ಞ ಕೊರೆವೊನ್ ಆ ರೂಲೆಯವರದೇ ಹೆಸರಿಟ್ಟರು, 'ರೂಲೆಟಿ' ಅಂತ. ಆಮೇಲೆ ಅಮೆರಿಕದ ರಾಲ್ಫ್ ಮೂರ್ ಜೀವಮಾನವಿಡೀ ಕೂತು ಮಿನಿಯೇಚರ್ ಗುಲಾಬಿಗಳ ತಳಿ ಬೆಳೆಸಿದರು.

ಡ್ವಾರ್ಫ್ ಬೇರೆಯೇ ಮಾತು. ಅದಕ್ಕೆ ಕನ್ನಡದಲ್ಲಿ ಸರಿಯಾದ ಪದ 'ಗಿಡ್ಡ'. ಎತ್ತರ ಮಾತ್ರ ಕಮ್ಮಿ. ಹೂವು, ಹಣ್ಣು, ತೆನೆ ಕಮ್ಮಿಯಾಗಬೇಕು ಅಂತೇನೂ ಇಲ್ಲ. ಡ್ವಾರ್ಫ್ ಕ್ಯಾವೆಂಡಿಶ್ ಬಾಳೆ ಸುಮಾರು 2 ಮೀಟರ್ ಎತ್ತರಕ್ಕೆ ನಿಲ್ಲುತ್ತೆ, ಆದರೆ ಹಣ್ಣು ಪೂರ್ತಿ ಗಾತ್ರದ್ದು. 1966ರಲ್ಲಿ ಬಂದ ಐಆರ್8 ಭತ್ತವೂ ಹೀಗೇ. ಹಳೆಯ ಉದ್ದ ತಳಿಗಳಿಗೆ ಗೊಬ್ಬರ ಜಾಸ್ತಿ ಕೊಟ್ಟರೆ ತೆನೆಯ ಭಾರಕ್ಕೆ ಮಲಗಿಬಿಡುತ್ತಿದ್ದವು. ಇದರ ದಂಟು ಗಿಡ್ಡ, ತೆನೆ ದೊಡ್ಡದು. ಅದಕ್ಕೇ ನಿಂತಿತು. ಮೆಕ್ಸಿಕೊದಲ್ಲಿ ಕೃಷಿ ವಿಜ್ಞಾನಿ ಬೋರ್ಲಾಗ್ ಬೆಳೆಸಿದ ಗಿಡ್ಡ ಗೋಧಿಯದೂ ಅದೇ ಉಪಾಯ. ಗಿಡವನ್ನು ಉದ್ದಕ್ಕೆ ಎಳೆಯುವ ಜಿಬ್ಬರೆಲಿನ್ ಅನ್ನೋ ಹಾರ್ಮೋನಿಗೆ ಆ ಗೋಧಿ ಸರಿಯಾಗಿ ಓಗೊಡುವುದಿಲ್ಲ. ಈ ಹಾರ್ಮೋನ್ ನೆನಪಿರಲಿ, ನಿಮ್ಮ ಗುಲಾಬಿಗೆ ಬಂದಾಗ ಬೇಕಾಗುತ್ತೆ.

ಡ್ವಾರ್ಫ್ ಸೇಬಿನ ಗಿಡ ಕೊಳ್ಳುವವರು ಇನ್ನೊಂದು ವಿಷಯ ಗಮನಿಸಬೇಕು. ಅಲ್ಲಿ ಗಿಡ್ಡತನ ಇರುವುದು ಮೇಲಿನ ತಳಿಯಲ್ಲಲ್ಲ, ಕಸಿಯ ಕೆಳಗಿನ ರೂಟ್‌ಸ್ಟಾಕ್‌ನಲ್ಲಿ, ಅಂದರೆ ಬೇರು ಕೊಡುವ ಗಿಡದಲ್ಲಿ. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಹಣ್ಣಿನ ಸಂಶೋಧನಾ ಕೇಂದ್ರದಿಂದ ಬಂದ ಎಂ9, ಎಂ27 ಇಂಥವು. ಎಂ27 ಮೇಲೆ ಕಟ್ಟಿದರೆ ಮರ ಹೆಚ್ಚುಕಮ್ಮಿ ಆಳೆತ್ತರಕ್ಕೇ ನಿಂತುಬಿಡುತ್ತೆ. ಆದರೆ ನೆಡುವಾಗ ಕಸಿಯ ಗಂಟು ಮಣ್ಣಿನೊಳಗೆ ಹೂತುಹೋದರೆ ಮೇಲಿನ ತಳಿಯೇ ಬೇರು ಬಿಡುತ್ತೆ. ಆಮೇಲೆ ಅದು ಗಿಡ್ಡವಾಗಿ ಉಳಿಯಲ್ಲ. ಚೀಟಿ ಸುಳ್ಳು ಹೇಳಿರಲ್ಲ, ನೆಟ್ಟವರು ತಪ್ಪಿರುತ್ತಾರೆ. ಗಂಟು ಯಾವಾಗಲೂ ಮಣ್ಣಿನ ಮೇಲೆ ನಾಲ್ಕು ಬೆರಳು ಇರಲಿ.

ಉಳಿದ ಪದಗಳು ಬೇಗ ಮುಗಿಯುತ್ತವೆ. 'ಮಿನಿ' ಅಂತ ಹಣ್ಣಿನ ಜೊತೆ ಬಂದರೆ ಹಣ್ಣು ಚಿಕ್ಕದು ಅಂತಷ್ಟೇ. ಮಿನಿ ಕಲ್ಲಂಗಡಿಯ ಬಳ್ಳಿ ಕುಂಡದಲ್ಲಿ ಮುದುರಿಕೊಂಡು ಕೂರುತ್ತೆ ಅಂದುಕೊಳ್ಳಬೇಡಿ, ಅದು ಹಬ್ಬುತ್ತೆ. 'ಬೇಬಿ' ಅಂದರೆ ಹೆಚ್ಚಾಗಿ ಎಳೆಯದು. ಬೇಬಿ ಕಾರ್ನ್ ಅಂದರೆ ಕಾಳು ಕಟ್ಟುವ ಮುಂಚೆ ಕಿತ್ತ ಎಳೆ ಮೆಕ್ಕೆಜೋಳದ ತೆನೆ, ಗಿಡ ಆಳೆತ್ತರ ಬೆಳೆದರೂ ಬೆಳೆಯಿತು. ಮೈಕ್ರೋಗ್ರೀನ್ ಕೂಡ ತಳಿಯ ಹೆಸರಲ್ಲ, ಬೀಜದ ಎಲೆ ಬಿಡುವಷ್ಟರಲ್ಲೇ ಕತ್ತರಿಸುವ ಮೊಳಕೆ ಸೊಪ್ಪು. ಆದರೆ ಟೊಮ್ಯಾಟೊದಲ್ಲಿ 'ಮೈಕ್ರೋ' ಅಂದರೆ ಗಿಡವೇ ಪುಟಾಣಿ. 1989ರಲ್ಲಿ ಫ್ಲೋರಿಡಾದಲ್ಲಿ ಮಾಡಿದ ಮೈಕ್ರೋ-ಟಾಮ್ 15-20 ಸೆಂಟಿಮೀಟರಿಗೇ ನಿಂತು ಕಾಯಿ ಬಿಡುತ್ತೆ. 'ಮಿಡ್ಜೆಟ್' ಅಂತಲೂ ಕೆಲವು ತಳಿಗಳ ಹೆಸರಿನಲ್ಲಿ ನೋಡಬಹುದು. ಅದು ಕುಳ್ಳಗಿರುವ ಮನುಷ್ಯರನ್ನು ಹೀಯಾಳಿಸಲು ಬಳಸಿದ ಪದ. ಗಿಡಕ್ಕೂ ನಾನು ಅದನ್ನು ಬಳಸುವುದಿಲ್ಲ, ನೀವೂ ಬಳಸದಿದ್ದರೆ ಒಳ್ಳೆಯದು.

ಬೊನ್ಸಾಯ್ ಇವು ಯಾವುದೂ ಅಲ್ಲ. ದೊಡ್ಡ ಮರವನ್ನೇ ಕತ್ತರಿಸಿ, ಬೇರು ಸವರಿ ಚಿಕ್ಕದಾಗಿ ಇಟ್ಟಿರುತ್ತಾರೆ. ಅದರ ಬೀಜ ಬಿತ್ತಿದರೆ ದೊಡ್ಡ ಮರವೇ ಬರುತ್ತೆ. ಎಲೆ ಸ್ವಲ್ಪ ಕುಗ್ಗುತ್ತೆ, ಹೂವು ಹಣ್ಣು ಕುಗ್ಗಲ್ಲ. ಬೊನ್ಸಾಯ್ ಸೇಬಿನಲ್ಲಿ ಕೊಂಬೆಗಿಂತ ಹಣ್ಣೇ ದೊಡ್ಡದಾಗಿ ಕಾಣುವುದು ಅದಕ್ಕೇ. ಹೀಗಾಗಿ ಮೊದಲೇ ಪುಟ್ಟ ಹಣ್ಣು ಬಿಡುವ ಜಾತಿಯನ್ನೇ ಆರಿಸಿಕೊಳ್ಳುತ್ತಾರೆ.

ಕೆಲವು ಕಡೆ ಈ ಪದಗಳಿಗೆ ಅಂಕಿಯನ್ನೇ ಗಟ್ಟಿ ಮಾಡಿದ್ದಾರೆ, ಅಂಥ ಕಡೆ ಗೊಂದಲ ಕಮ್ಮಿ. ಕೋನಿಫರ್ ಅಂದರೆ ಪೈನ್, ಸೈಪ್ರಸ್ ಥರದ ಮರಗಳು; ಅಮೆರಿಕದ ಕೋನಿಫರ್ ಸೊಸೈಟಿಯ ಲೆಕ್ಕದಲ್ಲಿ ವರ್ಷಕ್ಕೆ ಒಂದು ಇಂಚಿಗಿಂತ ಕಮ್ಮಿ ಬೆಳೆಯುವುದು ಮಿನಿಯೇಚರ್, ಒಂದರಿಂದ ಆರು ಇಂಚು ಬೆಳೆಯುವುದು ಡ್ವಾರ್ಫ್. ಇದು ಬೆಳವಣಿಗೆಯ ವೇಗ, ನೆನಪಿಡಿ. ಡ್ವಾರ್ಫ್ ಕೋನಿಫರ್ ಎಂದೂ ದೊಡ್ಡದಾಗಲ್ಲ ಅಂತಲ್ಲ, ನಿಧಾನಕ್ಕೆ ಆಗುತ್ತೆ. ಆಫ್ರಿಕನ್ ವಯೊಲೆಟ್ ಅನ್ನೋ ಕುಂಡದ ಹೂಗಿಡ ಬೆಳೆಸುವವರು ಎಲೆಯ ತುದಿಯಿಂದ ಎದುರಿನ ಎಲೆಯ ತುದಿವರೆಗೆ ಅಳೆಯುತ್ತಾರೆ. ಆರು ಇಂಚಿನೊಳಗಿದ್ದರೆ ಮಿನಿಯೇಚರ್, ಆರರಿಂದ ಎಂಟಾದರೆ ಸೆಮಿಮಿನಿಯೇಚರ್.

ಸಸ್ಯಶಾಸ್ತ್ರದ ಹೆಸರನ್ನೂ ಓದಿಕೊಳ್ಳಿ, ಆದರೆ ಪೂರ್ತಿ ನಂಬಬೇಡಿ. 'ನಾನಾ' ಅಂದರೆ ಗಿಡ್ಡ, 'ಮೈಕ್ರೋಫಿಲ್ಲಾ' ಅಂದರೆ ಸಣ್ಣ ಎಲೆಯದು. ದಾಳಿಂಬೆಯ 'ನಾನಾ' ತಳಿಯಲ್ಲಿ ಗಿಡವೂ ಗಿಡ್ಡ, ಹಣ್ಣೂ ಪುಟ್ಟದು. 'ಪ್ಯೂಮಿಲಾ' ಅಂದರೂ ಗಿಡ್ಡ ಅಂತಲೇ. ಆದರೆ ಫೈಕಸ್ ಪ್ಯೂಮಿಲಾ ಗೋಡೆ ಹತ್ತಲು ಬಿಟ್ಟರೆ ಮಹಡಿ ಮುಟ್ಟುತ್ತೆ. ಎಳೆತನದ ಎಲೆ ಪುಟ್ಟದು, ಅದನ್ನು ನೋಡಿ ಮೋಸ ಹೋಗುವವರು ಬಹಳ ಜನ.

ಇನ್ನು ನಿಮ್ಮ ಗಿಡ. ಮೊದಲು ಬುಡ ನೋಡಿ. ಮಣ್ಣು ಸ್ವಲ್ಪ ಸರಿಸಿ, ಕಸಿಯ ಗಂಟು ಇದೆಯಾ ಹುಡುಕಿ. ಎತ್ತರಕ್ಕೆ ಹೋದ ಕಡ್ಡಿ ಗಂಟಿನ ಕೆಳಗಿಂದ ಬಂದಿದ್ದರೆ, ಅದರ ಎಲೆ ಉಳಿದ ಎಲೆಗಳ ಹಾಗೆ ಇಲ್ಲದಿದ್ದರೆ, ಅದು ರೂಟ್‌ಸ್ಟಾಕಿನ ಚಿಗುರು. ಹುಟ್ಟಿದ ಜಾಗದಿಂದಲೇ ಕಿತ್ತುಹಾಕಿ. ಮೇಲೆ ಕತ್ತರಿಸಿದರೆ ಎರಡಾಗಿ ಬರುತ್ತೆ.

ಅಂಥ ಚಿಗುರು ಇಲ್ಲದಿದ್ದರೆ ಎಲೆ ಮತ್ತು ಹೂವು ನೋಡಿ. ಅವು ಪುಟ್ಟದಾಗಿದ್ದು ಕಡ್ಡಿ ಮಾತ್ರ ಉದ್ದ ಹೋಗಿದ್ದರೆ ಗಿಡ ಮಿನಿಯೇಚರ್ರೇ. ಬಳ್ಳಿಯಂತೆ ಹಬ್ಬುವ ಮಿನಿಯೇಚರ್ ತಳಿಗಳೂ ಇವೆ, ಇಲ್ಲಾ ಬಿರುಸಾದ ರೂಟ್‌ಸ್ಟಾಕಿಗೆ ಕಸಿ ಕಟ್ಟಿರಬಹುದು, ಇಲ್ಲಾ ಬಿಸಿಲು ಸಾಲದೆ ಬೆಳಕು ಹುಡುಕಿಕೊಂಡು ಹೋಗಿರಬಹುದು. ಕಡ್ಡಿ ಒಂದೇ ಕಡೆಗೆ ವಾಲಿದ್ದರೆ ಬಿಸಿಲಿನದೇ ಸಮಸ್ಯೆ. ಅರ್ಧಕ್ಕೆ ಸವರಿ ಬಿಸಿಲಿಗಿಡಿ.

ಹೂವೂ ಎಲೆಯೂ ದೊಡ್ಡದಾಗಿದ್ದರೆ ಅದು ಮೊದಲಿನಿಂದಲೂ ಮಿನಿಯೇಚರ್ ಆಗಿರಲಿಲ್ಲ. ಇದು ನನಗೂ ಆಗಿದೆ, ಗುಲಾಬಿಯಲ್ಲಲ್ಲ, ದಾಸವಾಳದಲ್ಲಿ. 'ಡ್ವಾರ್ಫ್' ಅಂತ ಒಂದು ನರ್ಸರಿಯಿಂದ ತಂದೆ. ಮೊಣಕಾಲೆತ್ತರ, ಮೈತುಂಬಾ ಮೊಗ್ಗು. ಮರುವರ್ಷ ಕುಂಡ ಬದಲಿಸಿದ ಮೇಲೆ ಸರಸರ ಏರಿತು. ಅದರ ಕಾಂಡ ನೋಡಿದಾಗ ವಿಷಯ ತಿಳಿಯಿತು. ಕೆಳಗಿನ ಗೆಣ್ಣುಗಳು ಒಂದರ ಮೇಲೊಂದು ಪೇರಿಸಿದ ಹಾಗೆ, ನಡುವೆ ಒಂದು ಬೆರಳೂ ಹಿಡಿಸದು. ಮೇಲಿನ ಗೆಣ್ಣುಗಳ ನಡುವೆ ನಾಲ್ಕು ಬೆರಳು ಅಂತರ. ಎರಡೂ ಒಂದೇ ಕಡ್ಡಿಯಲ್ಲಿ! ಕುಂಡದ ಗಿಡಗಳನ್ನು ಮಾರುವ ತನಕ ಒತ್ತಾಗಿ ಇಡಲು ಪ್ಯಾಕ್ಲೋಬ್ಯುಟ್ರಜಾಲ್‌ನಂಥ ಔಷಧ ಕೊಡುವುದುಂಟು. ಅದು ಆಗಲೇ ಹೇಳಿದ ಜಿಬ್ಬರೆಲಿನ್ ತಯಾರಾಗದ ಹಾಗೆ ತಡೆಯುತ್ತೆ. ಔಷಧದ ಶಕ್ತಿ ಇಳಿದ ಮೇಲೆ ಗಿಡ ತನ್ನ ನಿಜವಾದ ಎತ್ತರಕ್ಕೆ ಹೋಗುತ್ತೆ. ನಿಮ್ಮ ಗುಲಾಬಿಗೂ ಹೀಗೇ ಆಗಿದ್ದರೆ ಅದು ರೋಗ ಅಲ್ಲ, ಗಾಬರಿ ಬೇಡ. ದೊಡ್ಡ ಕುಂಡಕ್ಕೆ ಹಾಕಿ, ಮಾಮೂಲಿ ಗುಲಾಬಿಯ ಹಾಗೆ ಸವರಿ ಬೆಳೆಸಿ.

ಮುಂದಿನ ಸಲ ಕೊಳ್ಳುವಾಗ 'ಇದು ಮಿನಿಯೇಚರ್ರಾ?' ಅಂತ ಕೇಳಬೇಡಿ, ಹೌದು ಅಂತಲೇ ಹೇಳುತ್ತಾರೆ. 'ಚಿಕ್ಕದಾಗಿರೋದು ಏನು, ಗಿಡವಾ ಹೂವಾ? ಮೂರು ವರ್ಷದ ಗಿಡ ಇದ್ದರೆ ತೋರಿಸ್ತೀರಾ? ಕಸಿಯದಾ, ಕಡ್ಡಿ ನೆಟ್ಟಿದ್ದಾ?' ಅಂತ ಕೇಳಿ. ಕಡ್ಡಿಯಿಂದ ಬೇರು ಬರಿಸಿದ ಗಿಡವೇ ಮಿನಿಯೇಚರ್ ಗುಲಾಬಿಗೆ ಒಳ್ಳೆಯದು, ಗಾತ್ರ ಹಿಡಿತದಲ್ಲಿರುತ್ತೆ.

ಬುಡದ ಒಂದು ಫೋಟೋ, ಹೂವಿನ ಪಕ್ಕ ಹೆಬ್ಬೆರಳಿಟ್ಟು ಇನ್ನೊಂದು ಫೋಟೋ ಹಾಕಿ. ಮೂರರಲ್ಲಿ ಯಾವುದು ಅಂತ ನೋಡಿ ಹೇಳುತ್ತೇನೆ.