ಎಸ್‌ಎನ್‌ಸಿಯುನಿಂದ ಮನೆಗೆ ಬಂದ 1.8 ಕೆ.ಜಿ. ಮಗುವಿಗೆ ಏನೇನು ನೋಡಿಕೊಳ್ಳಬೇಕು?

ನಿಮ್ಮ ತಂಗಿಗೆ 33 ವಾರಕ್ಕೇ ಹೆರಿಗೆಯಾಗಿ, ಮಗು ಜಿಲ್ಲಾಸ್ಪತ್ರೆಯ ಎಸ್‌ಎನ್‌ಸಿಯು, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿದ್ದು ಈಗ ತವರಿಗೆ ಬಂದಿದೆ, ಆಶಾ ಇನ್ನೂ ಬಂದಿಲ್ಲ ಅಂತ ಬರೆದಿದ್ದೀರಿ. ಇಂಥ ಕಡೆ ಸಾಮಾನ್ಯವಾಗಿ ಆಗುವುದು ಇದು: ತಾಯಿ ಕಾರ್ಡ್ ಗಂಡನ ಊರಿನದು, ಬಾಣಂತನ ತವರಲ್ಲಿ. ಅಲ್ಲಿಯವರು ಮಗು ಊರಲ್ಲಿಲ್ಲ ಅಂತ ಬಿಡುತ್ತಾರೆ, ಇಲ್ಲಿಯವರ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡ್ ಎರಡನ್ನೂ ಇವತ್ತೇ ನಿಮ್ಮೂರ ಆಶಾಗೆ ತೋರಿಸಿ. ಆಸ್ಪತ್ರೆ ಹೆರಿಗೆಗೆ 3, 7, 14, 21, 28, 42ನೇ ದಿನ ಮನೆಭೇಟಿ ಇದೆ. ಉಳಿದಿರುವ ಭೇಟಿಗಳು ನಿಮಗೆ ಸಿಗಲೇಬೇಕು.

ಉಸಿರು ಎಣಿಸುವುದನ್ನು ನೀವೂ ಕಲಿಯಿರಿ. ಮಗು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪುತ್ತದೆ, ಏಕೆಂದರೆ ಎಳೆ ಮಗು ಸರಸರ ಉಸಿರಾಡಿ ನಡುವೆ ಕೆಲ ಕ್ಷಣ ನಿಲ್ಲಿಸುತ್ತದೆ. 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಬಂದರೆ, ಅಥವಾ ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, 108ಕ್ಕೆ ಫೋನ್ ಮಾಡಿ. ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲು ಹಳದಿಯಾದರೆ ಕೂಡ ಕಾಯಬೇಡಿ. ಒಂದು ವರ್ಷ ತುಂಬುವವರೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮಗುವಿನ ಚಿಕಿತ್ಸೆ ಉಚಿತ.

ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿ ಹತ್ತುತ್ತಿದೆ ಎಂದರ್ಥ. ಟೋಪಿ, ಸಾಕ್ಸ್ ಹಾಕಿ, ಬರಿ ಎದೆಗೆ ಅಪ್ಪಿಕೊಂಡು ಮೇಲೆ ಹೊದೆಯಿರಿ. ಕಂಕುಳಲ್ಲಿ ಥರ್ಮಾಮೀಟರ್ 35.5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಅಥವಾ 37.5ಕ್ಕಿಂತ ಹೆಚ್ಚು ತೋರಿಸಿದರೆ ಆಸ್ಪತ್ರೆಗೆ ಹೊರಡಿ. 2 ಕೆ.ಜಿ. ದಾಟುವವರೆಗೆ ಎಣ್ಣೆನೀರು ಬೇಡ, ಸಾಂಬ್ರಾಣಿ ಹೊಗೆಯಂತೂ ಬೇಡವೇ ಬೇಡ. ಅಜ್ಜಿಯರ ಮನಸ್ಸು ನೋಯಬಹುದು, ಆದರೂ ಗಟ್ಟಿಯಾಗಿ ಹೇಳಿ.

ರಾತ್ರಿಯೂ ಎರಡೆರಡು ಗಂಟೆಗೆ ಹಾಲು. ಚೀಪಿ ಸುಸ್ತಾದರೆ ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ ಕೊಡಿ. ತೂಕವನ್ನು ಪ್ರತಿ ಸಲ ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ನೋಡಬೇಕು. ಖಾಲಿ ಜೋಳಿಗೆ ತೂಗಿಹಾಕಿ ಮುಳ್ಳನ್ನು ಸೊನ್ನೆಗೆ ತರದಿದ್ದರೆ ಜೋಳಿಗೆಯ ತೂಕವೂ ಮಗುವಿನ ಲೆಕ್ಕಕ್ಕೆ ಸೇರುತ್ತದೆ. ದಿನಕ್ಕೆ 20ರಿಂದ 30 ಗ್ರಾಂ ಏರಿಕೆ ಸರಿ.

ಇಷ್ಟೆಲ್ಲ ಮಾಡಿದವರೂ ಮರೆಯುವುದು ಕಣ್ಣಿನ ತಪಾಸಣೆ. 34 ವಾರಕ್ಕೆ ಮುಂಚೆ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಅಕ್ಷಿಪಟಲದ (ಕಣ್ಣಿನ ಒಳಪರದೆಯ) ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯಬಹುದು. ಹೊರಗಿನಿಂದ ಏನೂ ಕಾಣುವುದಿಲ್ಲ. ಹುಟ್ಟಿ 30 ದಿನದೊಳಗೆ ಆರ್‌ಒಪಿ ಎಂಬ ಈ ತೊಂದರೆಯ ತಪಾಸಣೆ ಆಗಲೇಬೇಕು. ಸಕಾಲಕ್ಕೆ ಗೊತ್ತಾದರೆ ಲೇಸರ್‌ನಿಂದ ದೃಷ್ಟಿ ಉಳಿಸಬಹುದು. ಚೀಟಿಯಲ್ಲಿ ಅದರ ತಾರೀಖು ಬರೆದಿಲ್ಲದಿದ್ದರೆ ನಾಳೆಯೇ ಎಸ್‌ಎನ್‌ಸಿಯುಗೆ ಹೋಗಿ ಬರೆಸಿಕೊಳ್ಳಿ.