ಓದುಗರ ಪ್ರಶ್ನೆ, ನಮ್ಮ ಉತ್ತರ: ಗೋಮಾಳದಲ್ಲಿ, ಹೊಲದಲ್ಲಿ ಕಳೆನಾಶಕ

ಮುಂಗಾರಿನ ಬಿತ್ತನೆ ಶುರುವಾದೊಡನೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಳೆನಾಶಕದ ಪ್ರಶ್ನೆಗಳೇ ಹೆಚ್ಚು. ಕಳೆ ಕೀಳಲು ಆಳು ಸಿಗದ ಕಾಲದಲ್ಲಿ ಇದು ಸಹಜ. ಆದರೆ ಕಳೆ ಸಾಯುತ್ತದೆಯೇ ಎಂದು ಕೇಳುವವರು ಹಲವರು, ಹೊಡೆದ ಔಷಧಿ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕೆಲವರು. ಈ ಸಲ ಎರಡನೆಯ ಬಗೆಯ ಪತ್ರಗಳನ್ನೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮೂರಿನ ಗೋಮಾಳದಲ್ಲಿ ಪಾರ್ಥೇನಿಯಂ ಮತ್ತು ಲಂಟಾನ ಹಬ್ಬಿ ದನಗಳಿಗೆ ಮೇವಿಲ್ಲದಂತಾಗಿದೆ. ಇಡೀ ಗೋಮಾಳಕ್ಕೆ ಗ್ಲೈಫೋಸೇಟ್ ಹೊಡೆಸೋಣವೆಂದು ಕೆಲವರು ಹೇಳುತ್ತಿದ್ದಾರೆ. ಹೊಡೆದ ಮೇಲೆ ಎಷ್ಟು ದಿನ ದನ ಬಿಡಬಾರದು? (ಓದುಗರೊಬ್ಬರು, ಕಡೂರು ತಾಲ್ಲೂಕು)

ಉತ್ತರ: ಎಷ್ಟು ದಿನ ಎಂಬ ಪ್ರಶ್ನೆಗೆ ಮೊದಲು, ಹೊಡೆಸಬೇಕೇ ಎಂಬುದನ್ನು ನೋಡೋಣ. ಗೋಮಾಳದ ಉದ್ದಗಲಕ್ಕೂ ಗ್ಲೈಫೋಸೇಟ್ ಸಿಂಪಡಿಸುವುದು ಖಂಡಿತ ಬೇಡ. ಅದು ಹುಲ್ಲು, ಕಳೆ ಎಂಬ ಭೇದವಿಲ್ಲದೆ ಹಸಿರೆಲೆಯಿರುವ ಎಲ್ಲವನ್ನೂ ಬೇರಿನವರೆಗೆ ಒಣಗಿಸುತ್ತದೆ. ಹಾಗೆ ಬರಿದಾದ ನೆಲದಲ್ಲಿ ಮುಂದಿನ ಮಳೆಗೆ ಮೊದಲು ತಲೆಯೆತ್ತುವುದು ಗರಿಕೆಯಲ್ಲ, ಪಾರ್ಥೇನಿಯಂ. ಅದರ ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಆ ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಕಾದಿರುತ್ತದೆ. ಅದನ್ನು ತಡೆದು ನಿಲ್ಲಿಸುವ ಶಕ್ತಿ ಇರುವುದು ದಟ್ಟವಾದ ಹುಲ್ಲಿನ ಹೊದಿಕೆಗೆ. ನೀವು ಕೊಲ್ಲಲು ಹೊರಟಿರುವುದು ಆ ಹೊದಿಕೆಯನ್ನೇ.

ಕಾನೂನಿನ ಮಾತೂ ಇದೆ. ನಮ್ಮ ದೇಶದಲ್ಲಿ ಗ್ಲೈಫೋಸೇಟ್ ನೋಂದಣಿಯಾಗಿರುವುದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಗಳಿಗೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಹೊರಡಿಸಿದ ಅಧಿಸೂಚನೆಯು ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರನ್ನು ಬಿಟ್ಟು ಬೇರೆ ಯಾರೂ ಅದನ್ನು ಬಳಸಕೂಡದೆಂದು ಹೇಳಿತು. ಆದ್ದರಿಂದ ಪಂಚಾಯಿತಿ ಏನನ್ನೇ ತೀರ್ಮಾನಿಸುವುದಕ್ಕೆ ಮೊದಲು ಈಗಿನ ನಿಯಮವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಲಿಖಿತವಾಗಿ ಕೇಳಿ ಪಡೆಯುವುದು ಒಳ್ಳೆಯದು. ಬೆಳೆಯಿಲ್ಲದ ಜಾಗವೆಂದ ಮಾತ್ರಕ್ಕೆ ದನ ಮೇಯುವ ಜಾಗವೂ ಅದರಲ್ಲಿ ಸೇರಿತು ಎಂದುಕೊಳ್ಳಬಾರದು.

ಪಾರ್ಥೇನಿಯಂಗೆ ಕೈಯಿಂದ ಕೀಳುವುದೇ ಈಗಲೂ ಉತ್ತಮ ದಾರಿ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಹೂ ಬಿಡುವ ಮೊದಲು, ಕೈಗವಸು ಮತ್ತು ತುಂಬುತೋಳಿನ ಅಂಗಿ ಧರಿಸಿ ಬೇರುಸಹಿತ ಕಿತ್ತರೆ ಚರ್ಮದ ತುರಿಕೆಯೂ ತಪ್ಪುತ್ತದೆ, ಬೀಜವೂ ಉದುರುವುದಿಲ್ಲ. ಎಲೆಗಳನ್ನು ಜರಡಿಯಂತೆ ತಿಂದುಹಾಕುವ ಮೆಕ್ಸಿಕನ್ ದುಂಬಿಯನ್ನು 1983ರಲ್ಲಿ ಬೆಂಗಳೂರಿಗೆ ತರಿಸಿ, ಪರೀಕ್ಷೆಗಳ ನಂತರ 1984ರಲ್ಲಿ ಹೊರಗೆ ಬಿಡಲಾಯಿತು. ಮಳೆಗಾಲದಲ್ಲಿ ಅದು ಚುರುಕಾಗಿರುತ್ತದೆ. ಗಿಡಗಳ ಮೇಲೆ ಆ ದುಂಬಿಯೋ ಅದರ ಮರಿಹುಳುವೋ ಕಂಡರೆ ಅಲ್ಲಿ ಏನನ್ನೂ ಸಿಂಪಡಿಸದೆ ಬಿಡಿ. ಕೀಳಲಾಗದಷ್ಟು ದಟ್ಟವಾಗಿರುವ ಕಡೆ ಮಾತ್ರ, ಅಗಲ ಎಲೆಯ ಕಳೆಯನ್ನು ಕೊಂದು ಹುಲ್ಲನ್ನು ಉಳಿಸುವ 2,4-ಡಿಯಂಥ ಔಷಧಿಯನ್ನು ಇಲಾಖೆಯ ಶಿಫಾರಸಿನಂತೆ ಆ ಮಟ್ಟಿಗೆ ಬಳಸಬಹುದು. ಅದು ಹುಲ್ಲಿನ ನಡುವಿನ ದ್ವಿದಳ ಮೇವಿನ ಗಿಡಗಳನ್ನೂ ಸುಡುತ್ತದೆ ಎಂಬುದು ನೆನಪಿರಲಿ.

ಲಂಟಾನಕ್ಕೆ ಮೇಲಿನಿಂದ ಸಿಂಪಡಿಸಿದರೆ ಅರ್ಧ ಔಷಧಿ ಗಾಳಿಗೆ ಹೋಗುತ್ತದೆ, ಪೊದೆ ಮತ್ತೆ ಚಿಗುರುತ್ತದೆ. ಬುಡವನ್ನು ನೆಲಮಟ್ಟಕ್ಕಿಂತ ಮೂರು ನಾಲ್ಕು ಅಂಗುಲ ಕೆಳಗೆ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಮಗುಚಿಟ್ಟರೆ ಅದು ಒಣಗುತ್ತದೆ. ಇದಕ್ಕೆ ಔಷಧಿಯೇ ಬೇಕಿಲ್ಲ. ಲಂಟಾನದ ಎಲೆ ತಿಂದ ದನಗಳಿಗೆ ಯಕೃತ್ತು ಕೆಟ್ಟು, ಬಿಸಿಲಿಗೆ ಚರ್ಮ ಬೆಂದು ಸುಲಿಯುವುದುಂಟು. ಆದ್ದರಿಂದ ಕತ್ತರಿಸಿದ ಪೊದೆಯ ಬಳಿ ಹಸಿದ ದನಗಳನ್ನು ಬಿಡಬೇಡಿ.

ಈಗ ನಿಮ್ಮ ಮೂಲ ಪ್ರಶ್ನೆ. ಎಷ್ಟು ದಿನ ಎಂಬುದು ಔಷಧಿಯಿಂದ ಔಷಧಿಗೆ ಬೇರೆ; ಡಬ್ಬಿಯ ಚೀಟಿಯಲ್ಲಿ ಬರೆದಿರುವುದೇ ಅಂತಿಮ. ಅಮೆರಿಕದ ಹುಲ್ಲುಗಾವಲುಗಳಿಗೆಂದು ಮಾರುವ 2,4-ಡಿಯ ಚೀಟಿಯಲ್ಲಿ ಹಾಲು ಕೊಡುವ ಹಸುಗಳನ್ನು 7 ದಿನ ಬಿಡಬಾರದೆಂದಿದೆ. ನಮ್ಮಲ್ಲಿ ಅದಕ್ಕಿಂತ ಹೆಚ್ಚು ಕಾಯಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಪಾಯ ಔಷಧಿಯೊಂದರಿಂದಲೇ ಬರುವುದಿಲ್ಲ. 2,4-ಡಿ ಬಿದ್ದು ಬಾಡುತ್ತಿರುವ ಕೆಲವು ಗಿಡಗಳಲ್ಲಿ ನೈಟ್ರೇಟ್ ಹೆಚ್ಚುತ್ತದೆ, ದನ ಎಂದೂ ಮೂಸದ ವಿಷದ ಗಿಡವೂ ಆ ಹೊತ್ತಿಗೆ ರುಚಿಸತೊಡಗುತ್ತದೆ. ಸಿಂಪಡಿಸಿದ ಗಿಡಗಳು ಪೂರ್ತಿ ಒಣಗಿ ಉದುರುವ ತನಕ, ಅಂದರೆ ಚೀಟಿಯ ಅವಧಿ ಮುಗಿದರೂ ಎರಡು ಮೂರು ವಾರ, ಆ ಭಾಗಕ್ಕೆ ಬೇಲಿ ಕಟ್ಟಿ. ಗೋಮಾಳವನ್ನು ನಾಲ್ಕು ಪಾಲು ಮಾಡಿ ಒಂದೊಂದು ಪಾಲಿನಲ್ಲಿ ಕೆಲಸ ಮಾಡಿದರೆ ಉಳಿದ ಕಡೆ ದನ ಮೇಯಬಹುದು. ಗೋಕಟ್ಟೆಗೆ ನೀರು ಹರಿದು ಬರುವ ಇಳಿಜಾರಿನಲ್ಲಿ ಮಾತ್ರ ಯಾವ ಔಷಧಿಯೂ ಬೇಡ. ಕುರುಬರಿಗೂ ದನಗಾಹಿಗಳಿಗೂ ಹಿಂದಿನ ದಿನವೇ ತಿಳಿಸಬೇಕು. ನಿಮ್ಮ ತಾಲ್ಲೂಕಿನ ಬಾಸೂರು ಕಾವಲಿನಂಥ ಹುಲ್ಲುಗಾವಲುಗಳು ಅಮೃತಮಹಲ್ ದನಗಳನ್ನೂ ಕೃಷ್ಣಮೃಗಗಳನ್ನೂ ಸಾಕಿದ ನೆಲ. ಅಲ್ಲಿನ ಹುಲ್ಲನ್ನು ಒಮ್ಮೆ ಕಳೆದುಕೊಂಡರೆ ಬಿತ್ತಿ ಬೆಳೆಸುವುದು ಸುಲಭವಲ್ಲ.

ಪ್ರಶ್ನೆ: ಪಕ್ಕದ ಕಬ್ಬಿನ ಹೊಲಕ್ಕೆ 2,4-ಡಿ ಹೊಡೆದ ವಾರದೊಳಗೆ ನನ್ನ ಹತ್ತಿಯ ಎಲೆಗಳು ಕಿರಿದಾಗಿ ಬೆರಳಿನಂತೆ ಸೀಳಿವೆ. ಕೆಲವರು ರೋಗವೆನ್ನುತ್ತಾರೆ. ಬೆಳೆ ಉಳಿಯುತ್ತದೆಯೇ? (ಓದುಗರೊಬ್ಬರು, ಬೈಲಹೊಂಗಲ)

ಉತ್ತರ: ನೀವು ವಿವರಿಸಿದ ಲಕ್ಷಣ ರೋಗದ್ದಲ್ಲ, 2,4-ಡಿಯದ್ದೇ. ಹತ್ತಿ, ದ್ರಾಕ್ಷಿ, ಟೊಮೆಟೊ ಈ ಔಷಧಿಯ ಅತಿ ಸಣ್ಣ ಪ್ರಮಾಣಕ್ಕೂ ಸೊರಗುತ್ತವೆ. ಆದರೆ ನೆರೆಯವರನ್ನು ದೂರುವ ಮೊದಲು ಹೊಲವನ್ನು ಸುತ್ತಿ ನೋಡಿ. ಕಬ್ಬಿನ ಕಡೆಯ ಬದುವಿನ ಬಳಿ ಹಾನಿ ಹೆಚ್ಚಾಗಿದ್ದು, ಒಳಗೆ ಹೋದಂತೆ ಕಡಿಮೆಯಾಗುತ್ತ ಬಂದಿದ್ದರೆ ಔಷಧಿ ಗಾಳಿಯಲ್ಲಿ ಬಂದಿದೆ. ಹಾಗಲ್ಲದೆ, ನೀವು ಇತ್ತೀಚೆಗೆ ಕೀಟನಾಶಕ ಹೊಡೆಯಲು ಆರಂಭಿಸಿದ ಸಾಲುಗಳಲ್ಲಿ ಹೆಚ್ಚಾಗಿದ್ದು, ಮುಂದಿನ ಸಾಲುಗಳಲ್ಲಿ ತಗ್ಗಿದ್ದರೆ, ಬಾಡಿಗೆಗೆ ತಂದ ಪಂಪಿನೊಳಗೆ ಉಳಿದಿದ್ದ ಕಳೆನಾಶಕವೇ ಕಾರಣ. ಈ ಎರಡನೆಯ ಕಾರಣವನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ.

ಹಾನಿಯನ್ನು ತೆಗೆಯುವ ಮದ್ದಿಲ್ಲ. ಹೊಸ ಚಿಗುರು ಮಾಮೂಲಿನಂತೆ ಬಿಚ್ಚಿಕೊಳ್ಳುತ್ತಿದ್ದರೆ ಬೆಳೆಯನ್ನು ಉಳಿಸಿಕೊಳ್ಳಿ. ಕಾಯಿ ಕಟ್ಟುವುದು ತಡವಾಗುತ್ತದೆ, ಆದರೆ ಪೂರ್ತಿ ನಷ್ಟವಾಗುವುದಿಲ್ಲ. ತೇವ ಆರದಂತೆ ನೋಡಿಕೊಂಡು, ಟಾನಿಕ್ಕುಗಳ ಹೆಸರಿನಲ್ಲಿ ಮಾರುವುದಕ್ಕೆಲ್ಲ ಹಣ ಸುರಿಯಬೇಡಿ. ಮೊಗ್ಗುಗಳು ಉದುರಿ ಸುಳಿಯೇ ಮುದುಡಿದ್ದರೆ ಮಾತ್ರ ಬೇರೆ ಬೆಳೆಯನ್ನು ಯೋಚಿಸಬೇಕಾಗುತ್ತದೆ. ಪರಿಹಾರ ಕೇಳುವ ಉದ್ದೇಶವಿದ್ದರೆ ದಿನಾಂಕ ಸಹಿತ ಚಿತ್ರಗಳನ್ನು ತೆಗೆದಿಟ್ಟು, ಕೃಷಿ ಅಧಿಕಾರಿಗಳನ್ನು ಎಲೆ ಹಸಿಯಿರುವಾಗಲೇ ಹೊಲಕ್ಕೆ ಕರೆಸಿ.

ನೆರೆಯವರಿಗೆ ಹೇಳಬೇಕಾದ ಮಾತೂ ಇದೆ. 2,4-ಡಿಯಲ್ಲಿ ಈಥೈಲ್ ಎಸ್ಟರ್ ಎಂಬ ರೂಪ ಬಿಸಿಲಿಗೆ ಆವಿಯಾಗಿ, ಸಿಂಪಡಿಸಿ ಮುಗಿಸಿದ ಮೇಲೂ ನೆಲದಿಂದೆದ್ದು ದೂರದವರೆಗೆ ತೇಲಿ ಹೋಗುತ್ತದೆ. ಅಮೈನ್ ಅಥವಾ ಸೋಡಿಯಂ ಲವಣದ ರೂಪಕ್ಕೆ ಆ ಗುಣ ತೀರ ಕಡಿಮೆ. ಹತ್ತಿಯ ಸೀಮೆಯಲ್ಲಿ ಎಸ್ಟರ್ ರೂಪವನ್ನು ಕೊಳ್ಳಲೇಬಾರದು. ಮುಂಜಾನೆ ಎಲೆಯೂ ಅಲುಗದ ಹೊತ್ತು ಸುರಕ್ಷಿತವೆಂದು ಹಲವರು ನಂಬಿದ್ದಾರೆ, ಆದರೆ ಆಗ ಸಣ್ಣ ಹನಿಗಳು ಕೆಳಗಿಳಿಯದೆ ನೆಲದ ಮೇಲೆಯೇ ತೇಲಿಕೊಂಡಿರುತ್ತವೆ. ಎಲೆ ಮೆಲ್ಲನೆ ಅಲುಗುವಷ್ಟು ಗಾಳಿಯಿದ್ದು, ಅದು ಹತ್ತಿಯ ಕಡೆಯಿಂದ ಕಬ್ಬಿನ ಕಡೆಗೆ ಬೀಸುತ್ತಿರಬೇಕು. ಕಳೆನಾಶಕಕ್ಕೆ ಬೇರೆಯೇ ಪಂಪು ಇಟ್ಟುಕೊಳ್ಳುವುದು ಕ್ಷೇಮ. ಸಾಧ್ಯವಾಗದಿದ್ದರೆ ಎರಡು ಸಲ ನೀರಿನಲ್ಲಿ ತೊಳೆದು, ಅಮೋನಿಯಾ ಬೆರೆಸಿದ ನೀರನ್ನು ಟ್ಯಾಂಕು, ಕೊಳವೆ, ನಾಜಲ್ಲುಗಳಲ್ಲಿ ರಾತ್ರಿಯಿಡೀ ನಿಲ್ಲಿಸಿ, ಮತ್ತೆ ಶುದ್ಧ ನೀರು ಹಾಯಿಸಬೇಕು. ತೊಳೆದ ನೀರನ್ನು ಬಾವಿ, ಹಳ್ಳಗಳ ಬಳಿ ಚೆಲ್ಲಬಾರದು.

ಪ್ರಶ್ನೆ: ಮೆಕ್ಕೆಜೋಳದಲ್ಲಿ ತೊಗರಿ ಅಕ್ಕಡಿ ಇದೆ. ಅಟ್ರಾಜಿನ್ ಹೊಡೆಯಬಹುದೇ? ಹಿಂಗಾರಿಗೆ ಅದೇ ಹೊಲದಲ್ಲಿ ಕಡಲೆ ಹಾಕುವುದಿದೆ. (ಓದುಗರೊಬ್ಬರು, ದಾವಣಗೆರೆ ಜಿಲ್ಲೆ)

ಉತ್ತರ: ಬೇಡ. ಮೆಕ್ಕೆಜೋಳಕ್ಕೆ ಅಟ್ರಾಜಿನ್ ಅನ್ನು ತನ್ನೊಳಗೇ ನಿರ್ವಿಷ ಮಾಡಿಕೊಳ್ಳುವ ಶಕ್ತಿಯಿದೆ, ತೊಗರಿಗೆ ಇಲ್ಲ. ಅಕ್ಕಡಿ ಇರುವ ಹೊಲಕ್ಕೆ ಎರಡೂ ಬೆಳೆ ತಡೆದುಕೊಳ್ಳುವ ಪೆಂಡಿಮೆಥಾಲಿನ್‌ನಂಥದ್ದನ್ನು, ನಿಮ್ಮ ಕೃಷಿ ವಿಜ್ಞಾನ ಕೇಂದ್ರದ ಶಿಫಾರಸು ಕೇಳಿಕೊಂಡು, ಬಿತ್ತಿದ ಮೂರು ದಿನಗಳೊಳಗೆ ತೇವವಿರುವ ಮಣ್ಣಿನ ಮೇಲೆ ಸಿಂಪಡಿಸಿ. ಮುಂದಿನ ಕಳೆಗೆ ಎಡೆಕುಂಟೆ ಸಾಕು. ಬರಿ ಮೆಕ್ಕೆಜೋಳವಿದ್ದು ಅಟ್ರಾಜಿನ್ ಬಳಸಿದ್ದರೂ ಮಳೆ ಕೈಕೊಟ್ಟ ವರ್ಷ, ಸುಣ್ಣದ ಅಂಶವಿರುವ ಎರೆಮಣ್ಣಿನಲ್ಲಿ ಅದು ಕರಗದೆ ಬಹಳ ಕಾಲ ಉಳಿಯುತ್ತದೆ. ಮಳೆ ಹೆಚ್ಚಾದರೆ ಅಂತರ್ಜಲಕ್ಕೆ ಇಳಿಯುತ್ತದೆ. ಐರೋಪ್ಯ ಒಕ್ಕೂಟ 2004ರಲ್ಲಿ ಅದರ ಮಾನ್ಯತೆ ತೆಗೆದದ್ದು ಇದೇ ಕಾರಣಕ್ಕೆ.

ಕಡಲೆ ಬಿತ್ತುವ ಮುನ್ನ ಮನೆಯಲ್ಲೇ ಪರೀಕ್ಷಿಸಬಹುದು. ಹೊಲದ ಹತ್ತು ಕಡೆಯಿಂದ ನಾಲ್ಕು ಅಂಗುಲ ಆಳದ ಮಣ್ಣು ತಂದು ಕುಂಡಗಳಿಗೆ ತುಂಬಿ, ಔಷಧಿ ಬೀಳದ ಜಾಗದ ಮಣ್ಣನ್ನು ಬೇರೆ ಕುಂಡಗಳಿಗೆ ತುಂಬಿ, ಎರಡರಲ್ಲೂ ಕಡಲೆ ಊರಿ. ಮೊಳಕೆ ಬಂತೆಂದು ಸಮಾಧಾನಪಡಬೇಡಿ, ಅಟ್ರಾಜಿನ್ ಮೊಳಕೆಯನ್ನು ತಡೆಯುವುದಿಲ್ಲ; ಎಲೆ ಬಿಚ್ಚಿ ಆಹಾರ ತಯಾರಿಸತೊಡಗಿದಾಗ ಅಂಚು ಹಳದಿಯಾಗಿ ಸುಡುತ್ತದೆ. ಮೂರು ವಾರ ನೋಡಿ ನಿರ್ಧರಿಸಿ.

ಪ್ರಶ್ನೆ: ಪಂಪಿಗೆ ಎಷ್ಟು ಔಷಧಿ ಹಾಕಬೇಕೆಂಬುದರಲ್ಲಿ ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ಓದುಗರೊಬ್ಬರು, ಹಿರಿಯೂರು)

ಉತ್ತರ: ನಿಮ್ಮ ನಡಿಗೆ, ನಿಮ್ಮ ಪಂಪು ನೋಡದೆ ಯಾರೂ ಅದನ್ನು ಹೇಳಲಾರರು. 33 ಅಡಿ ಉದ್ದ, 33 ಅಡಿ ಅಗಲದ ಒಂದು ಗುಂಟೆ ಅಳೆದು ಬರಿ ನೀರು ಸಿಂಪಡಿಸಿ. 4 ಲೀಟರ್ ಹಿಡಿದರೆ ಎಕರೆಗೆ 160 ಲೀಟರ್, ಅಂದರೆ 16 ಲೀಟರಿನ ಹತ್ತು ಟ್ಯಾಂಕು. ಚೀಟಿಯಲ್ಲಿ ಎಕರೆಗೆ 500 ಗ್ರಾಂ ಎಂದಿದ್ದರೆ ಟ್ಯಾಂಕಿಗೆ 50 ಗ್ರಾಂ. ಕೀಟನಾಶಕದ ನಾಜಲ್ ತೆಗೆದು, ಚಪ್ಪಟೆಯಾಗಿ ಹರಡುವ ಕಳೆನಾಶಕದ ನಾಜಲ್ ಹಾಕಿ, ಒತ್ತಡ ಕಡಿಮೆ ಇಡಿ. ಗ್ಲೈಫೋಸೇಟ್, ಪ್ಯಾರಾಕ್ವಾಟ್‌ಗಳು ಕೆಸರು ನೀರಿನಲ್ಲಿ ಕೆಲಸ ಕಳೆದುಕೊಳ್ಳುತ್ತವೆ. ಕೊಳವೆಬಾವಿಯ ಗಡಸು ನೀರೂ ಗ್ಲೈಫೋಸೇಟ್‌ಗೆ ಆಗದು. ಆಗ ಔಷಧಿಯ ಪ್ರಮಾಣ ಏರಿಸುವುದು, ಉಪ್ಪು ಬೆರೆಸುವುದು ಎರಡೂ ತಪ್ಪು, ನೀರನ್ನು ಬದಲಿಸಿ.

ಪ್ರಶ್ನೆ: ಔಷಧಿ ಹೊಡೆದ ಬದುವಿನ ಹುಲ್ಲನ್ನು ಕೊಯ್ದು ಹಸುವಿಗೆ ಹಾಕಬಹುದೇ, ತಿಪ್ಪೆಗಾದರೂ ಹಾಕಬಹುದೇ?

ಉತ್ತರ: ಎರಡೂ ಬೇಡ. ಕೆಲವು ಕಳೆನಾಶಕಗಳು ದನದ ಹೊಟ್ಟೆಯಲ್ಲಿಯೂ ತಿಪ್ಪೆಯಲ್ಲಿಯೂ ಕರಗುವುದಿಲ್ಲ. ಅಮಿನೊಪೈರಾಲಿಡ್ ಎಂಬ ಹುಲ್ಲುಗಾವಲಿನ ಔಷಧಿ ಹೀಗೆ ಗೊಬ್ಬರದ ಮೂಲಕ ತರಕಾರಿ ತೋಟಗಳನ್ನು ಕೆಡಿಸಿದ್ದರಿಂದ ಬ್ರಿಟನ್ನಿನಲ್ಲಿ 2008ರಲ್ಲಿ ಅದರ ಮಾರಾಟವನ್ನೇ ನಿಲ್ಲಿಸಬೇಕಾಯಿತು.

ಪ್ರಶ್ನೆ: ತೋಟದ ಕೆಲಸಕ್ಕೆ ಬರುವವರು ಉಳಿದ ಪ್ಯಾರಾಕ್ವಾಟ್ ಅನ್ನು ತಂಪುಪಾನೀಯದ ಬಾಟಲಿಯಲ್ಲಿ ತುಂಬಿಡುತ್ತಾರೆ. ಮನೆಯಲ್ಲಿ ಮಕ್ಕಳಿದ್ದಾರೆ. ಹೇಳಿದರೆ ಕೇಳುವುದಿಲ್ಲ. (ಓದುಗರೊಬ್ಬರು, ಸಾಗರ ತಾಲ್ಲೂಕು)

ಉತ್ತರ: ಅಮ್ಮಾ, ಇದನ್ನು ಓದಿದ ದಿನವೇ ಆ ಬಾಟಲಿಯನ್ನು ಅಲ್ಲಿಂದ ತೆಗೆಸಿ. ಪ್ಯಾರಾಕ್ವಾಟ್‌ಗೆ ಪ್ರತಿವಿಷವಿಲ್ಲ, ಒಂದೇ ಗುಟುಕು ಪ್ರಾಣ ತೆಗೆಯಬಲ್ಲದು. ಮೂಲ ಡಬ್ಬಿಯಲ್ಲೇ, ಚೀಟಿ ಹರಿಯದಂತೆ, ಬೀಗ ಹಾಕಿದ ಕಡೆ ಇಡಬೇಕು, ಬೀಗದ ಕೈ ನಿಮ್ಮಲ್ಲಿರಲಿ. ಆಯಾ ದಿನಕ್ಕೆ ಬೇಕಾದಷ್ಟನ್ನು ನೀವೇ ಅಳೆದು ಕೊಟ್ಟರೆ ಉಳಿಸಿ ತುಂಬಿಡುವ ಪ್ರಮೇಯವೇ ಬರುವುದಿಲ್ಲ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಹೊಡೆಸಿ. ಕೆಲಸದವರಿಗೆ ರಬ್ಬರ್ ಕೈಗವಸು, ಬೂಟು, ಕನ್ನಡಕ ಒದಗಿಸುವುದು ತೋಟದವರ ಜವಾಬ್ದಾರಿ. ಸೋರುವ ಪಂಪು ಬೆನ್ನಿಗೇರಿದರೆ ಬಟ್ಟೆಯೊಳಗೆ ಇಳಿದ ಔಷಧಿ, ಗಾಯವಿದ್ದಲ್ಲಿ ಹೆಚ್ಚಾಗಿ, ಚರ್ಮದ ಮೂಲಕವೂ ದೇಹ ಸೇರುತ್ತದೆ.

ಮೈಮೇಲೆ ಬಿದ್ದರೆ ಕೂಡಲೇ ಬಟ್ಟೆ ತೆಗೆದು ಸೋಪಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ 15 ನಿಮಿಷ ಹರಿಯುವ ನೀರು ಹಾಯಿಸಬೇಕು. ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಮೊದಲ ದಿನ ಬಾಯಿ ಉರಿ, ವಾಂತಿಯಷ್ಟೇ ಕಾಣಿಸಿ ರೋಗಿ ಚೇತರಿಸಿಕೊಂಡಂತೆ ತೋರಬಹುದು, ಆದರೆ ಆ ವೇಳೆಗೆ ಮೂತ್ರಪಿಂಡಗಳು, ಮುಂದೆ ಶ್ವಾಸಕೋಶ ಕೆಡುತ್ತಿರುತ್ತವೆ. ಚಿಕಿತ್ಸೆಗೆ ಮೊದಲ ಗಂಟೆಗಳೇ ಮುಖ್ಯವಾದ್ದರಿಂದ, ಎಷ್ಟು ಕುಡಿದರೆಂಬ ವಿಚಾರಣೆಗೆ ನಿಲ್ಲದೆ 108ಕ್ಕೆ ಕರೆ ಮಾಡಿ, ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೆ ಹಿಡಿದುಕೊಂಡು ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು.